ಪದ್ಮಿನಿಯ ಅರ್ಥ್, ಅನರ್ಥ

“ಹಳೇ ಗಾಡಿಗೆ ಹೊಸ ಸೆಟ್ಟು ಒಗ್ಗಲ್ಲ ಸಾರ್” ಎಂದ ಅಂಗಡಿಯ ಹುಡುಗ. ಒಗ್ಗುವ, ಒಗ್ಗದಿರುವ ಮಾತು ಹೊಸ ಊರಿನ ನೀರಿಗೆ ಸರಿ, ತಂತಿಗೆ ಅಷ್ಟೊಂದು ನಾಜೂಕು ಇರುವುದಿಲ್ಲ. ಅಪ್ಪನ 1979ರ ಪ್ರೀಮಿಯರ್ ಪದ್ಮಿನಿಗೆ ಆತ ಅಗ್ಗದ ಬ್ಲೂಟೂತ್ ಸ್ಟೀರಿಯೊ ಒಂದನ್ನು ಕೂರಿಸಿ, ಕನ್ನಡಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ, ಗುಂಡಿ ಒತ್ತಿದ್ದ. ಎರಡು ಸೆಕೆಂಡ್ ಹಾಡು ಬಂತು. ಆಮೇಲೆ ಬಂದದ್ದು ವಾಸನೆ. ನಿಂಬೆಹಣ್ಣಿಗೆ ಏನೂ ಆಗಿರಲಿಲ್ಲ.

ಹಳೆಯ ರೇಡಿಯೊದಿಂದ ಸ್ಪೀಕರಿಗೆ ಹೋಗುತ್ತಿದ್ದದ್ದು ಒಂದೇ ತಂತಿ. ಸ್ಪೀಕರಿನ ಇನ್ನೊಂದು ಕಾಲನ್ನು ಕಾರಿನ ತಗಡಿಗೇ ಬಿಗಿದಿದ್ದರು. ಹುಡುಗ ಅದನ್ನು ಹಾಗೇ ಉಳಿಸಿಕೊಂಡಿದ್ದ. ಸೆಟ್ಟು ಸತ್ತದ್ದು ಅದಕ್ಕೇ ಹೊರತು ಗಾಡಿಯ ವಯಸ್ಸಿಗಲ್ಲ, ಪಕ್ಕದ ಮನೆಯವರ ಕಣ್ಣಿಗಂತೂ ಅಲ್ಲವೇ ಅಲ್ಲ.

ಮೆಕ್ಯಾನಿಕ್‌ಗಳ ಬಾಯಲ್ಲಿ ಈ ತಗಡಿಗೆ ‘ಅರ್ಥ್’ ಎಂದು ಹೆಸರು. ಗೊಂದಲ ಹುಟ್ಟುವುದೂ ಆ ಹೆಸರಿನಲ್ಲೇ. ಅರ್ಥ್ ಎಂದಕೂಡಲೇ ಕರೆಂಟು ಭೂತಾಯಿಯ ಹೊಟ್ಟೆ ಸೇರಿ ಮಾಯವಾಗುತ್ತದೆ ಎಂದುಕೊಳ್ಳುವವರು ಬಹಳ. ಮನೆಯ ಹಿಂದೆ ಗುಂಡಿ ತೋಡಿ ಉಪ್ಪು, ಇದ್ದಿಲು ತುಂಬಿ ಮಾಡುವ ಅರ್ಥಿಂಗೇ ಬೇರೆ. ಕಾರು ನಿಂತಿರುವುದು ನಾಲ್ಕು ರಬ್ಬರ್ ಟೈರಿನ ಮೇಲೆ, ಅದರ ಕರೆಂಟಿಗೆ ಭೂಮಿಯ ಗೊಡವೆಯೇ ಇಲ್ಲ. ಬ್ಯಾಟರಿಯಿಂದ ಹೊರಟದ್ದೆಲ್ಲ ಬ್ಯಾಟರಿಗೇ ಮರಳಬೇಕು. ತಾಮ್ರ ಉಳಿಯಲೆಂದು ಮರಳುವ ದಾರಿಗೆ ಕಾರಿನ ಮೈಯನ್ನೇ ಬಿಟ್ಟುಕೊಟ್ಟಿದ್ದಾರೆ, ಅಷ್ಟೆ. ಹೆಡ್‌ಲೈಟು, ಹಾರ್ನು, ವೈಪರು, ಎಲ್ಲರೂ ಮನೆಗೆ ಹೋಗುವುದು ಆ ಒಂದೇ ಓಣಿಯಲ್ಲಿ.

ಹಳೆಯ ರೇಡಿಯೊದ ಆಂಪ್ಲಿಫೈಯರ್ ಸ್ಪೀಕರಿನ ಒಂದು ತುದಿಯನ್ನು ಮಾತ್ರ ಜಗ್ಗುತ್ತಿತ್ತು. ಈಗಿನದರಲ್ಲಿ ಒಂದು ಸ್ಪೀಕರಿಗೆ ಎರಡು ಆಂಪ್ಲಿಫೈಯರ್, ತುದಿಗೊಂದರಂತೆ. ಈ ಏರ್ಪಾಡಿಗೆ ಬ್ರಿಜ್ ಎನ್ನುತ್ತಾರೆ, ನನಗೆ ಮಾತ್ರ ಅದು ಅಜ್ಜಿಯ ಕಡಗೋಲು. ಬಲಗೈ ಹಗ್ಗ ಎಳೆದಾಗ ಎಡಗೈ ಬಿಡುತ್ತದೆ, ಎಡಗೈ ಎಳೆದಾಗ ಬಲಗೈ. ಒಂದೇ ಕೈಯಲ್ಲಿ ಕಡೆಯುವುದಕ್ಕಿಂತ ಹಗ್ಗ ಇಮ್ಮಡಿ ಓಡುತ್ತದೆ. ಸ್ಪೀಕರಿಗೂ ಹಾಗೇ, ಅದೇ ಬ್ಯಾಟರಿಯಿಂದ ಇಮ್ಮಡಿ ವೋಲ್ಟೇಜು, ಅಂದರೆ ನಾಲ್ಕು ಪಟ್ಟು ಶಕ್ತಿ. ಈಗ ಹಗ್ಗದ ಒಂದು ತುದಿಯನ್ನು ಕಂಬಕ್ಕೆ ಕಟ್ಟಿಬಿಡಿ. ಸಮುದ್ರಮಥನದಲ್ಲಿ ದೇವತೆಗಳು ವಾಸುಕಿಯ ಬಾಲವನ್ನು ಮರಕ್ಕೆ ಬಿಗಿದು ಊಟಕ್ಕೆ ಹೋದರೆ, ತಲೆ ಹಿಡಿದ ಅಸುರರ ತೋಳು ಏನಾದೀತು? ಹಾಡು ಇಲ್ಲದಾಗಲೂ ಆ ಎರಡು ತಂತಿಗಳ ಮೇಲೆ ಬ್ಯಾಟರಿಯ ಅರ್ಧದಷ್ಟು ವೋಲ್ಟೇಜು ನಿಂತಿರುತ್ತದೆ. ಅದರಲ್ಲೊಂದನ್ನು ತಗಡಿಗೆ ತಾಗಿಸಿದರೆ ಕರೆಂಟು ನೇರ ಓಣಿಗೆ ಹಾರುತ್ತದೆ. ಹಾಗಾಗಿ ಪ್ರತಿ ಸ್ಪೀಕರಿಗೂ ಹೊಸದಾಗಿ ಎರಡೆರಡು ತಂತಿ ಎಳೆಯಬೇಕು, ಬೇರೆ ದಾರಿಯಿಲ್ಲ.

ಈ ಕಡಗೋಲಿನಿಂದಲೇ ಡಬ್ಬದ ಮೇಲಿನ ‘4×50 ವಾಟ್’ ಗುಟ್ಟೂ ಬಯಲಾಗುತ್ತದೆ. ಎಂಜಿನ್ ಓಡುವಾಗ ಸಿಗುವುದು ಹೆಚ್ಚೆಂದರೆ 14.4 ವೋಲ್ಟು, ಸ್ಪೀಕರಿನ ತಡೆ 4 ಓಮು. 14.4ರ ವರ್ಗವನ್ನು 4ರಿಂದ ಭಾಗಿಸಿದರೆ ಸುಮಾರು 52. ಆದರೆ ಇದು ಅಲೆಯ ತಲೆಯನ್ನೂ ಬುಡವನ್ನೂ ಕತ್ತರಿಸಿ ಚೌಕ ಮಾಡಿದಾಗಿನ ಲೆಕ್ಕ. ಆ ಸ್ಥಿತಿಯಲ್ಲಿ ಯಾವ ಗಾಯಕರೂ ಗರಗಸದ ಮಿಲ್ಲಿನ ಹಾಗೆ ಕೇಳುತ್ತಾರೆ. ದುಂಡನೆಯ, ಕಿವಿಗೆ ಹಿತವಾದ ಅಲೆಗೆ ಅದರ ಅರ್ಧ, 26 ವಾಟು. ಭೌತಶಾಸ್ತ್ರ ಅಲ್ಲಿಗೇ ಬಾಗಿಲು ಹಾಕುತ್ತದೆ. ಬ್ಯಾಟರಿಯ ವೋಲ್ಟೇಜನ್ನು ಒಳಗೇ ಏರಿಸಿಕೊಳ್ಳುವ ದೊಡ್ಡ ಆಂಪ್ಲಿಫೈಯರ್ ಬೇರೆ ಇಡದೆ ‘1000 ವಾಟ್’ ಎಂದು ಅಂಟಿಸಿದ ಸ್ಟಿಕ್ಕರಿಗೂ ನಿಂಬೆಹಣ್ಣಿಗೂ ಹೆಚ್ಚು ವ್ಯತ್ಯಾಸವಿಲ್ಲ.

ಕೂರಿಸುವ ಜಾಗದ ಬಗ್ಗೆ ಒಂದೇ ಮಾತು. ಈಗಿನ ಸೆಟ್ಟಿನ ಮುಖ 180 ಮಿಲಿಮೀಟರ್ ಅಗಲ, 50 ಎತ್ತರ. ಅದಕ್ಕಾಗಿ ಪದ್ಮಿನಿಯ ಡ್ಯಾಶ್‌ಬೋರ್ಡಿನ ತಗಡನ್ನು ಕೊಯ್ಯುವವರ ಕೈಗೆ ಗರಗಸ ಕೊಡಬಾರದು. ನಾನು ಎರಡನೆಯ ಸೆಟ್ಟನ್ನು ಡ್ಯಾಶಿನ ಒಳಗೆ, ಕಣ್ಣಿಗೆ ಬೀಳದಂತೆ ಕಟ್ಟಿದೆ. ಹಳೆಯ ರೇಡಿಯೊ ಮುಖವಾಡದಂತೆ ಮುಂದೆ ಉಳಿಯಿತು.

ಈ ಸಲ ಹಾಡು ನಿಲ್ಲಲಿಲ್ಲ, ಆದರೆ ಅದರ ಜೊತೆಗೆ ಸೊಳ್ಳೆಯೊಂದು ಸೇರಿಕೊಂಡಿತು. ಆಕ್ಸಿಲರೇಟರ್ ಒತ್ತಿದಷ್ಟೂ ಅದರ ಶ್ರುತಿ ಏರುತ್ತಿತ್ತು. ನಮ್ಮ ಗಾಡಿಗೆ ಯಾವಾಗಲೋ ಯಾರೋ ಬ್ಯಾಟರಿ ತುಂಬಿಸುವ ಹಳೆಯ ಡೈನಮೊ ತೆಗೆದು, ಅದೇ ಕೆಲಸದ ಆಲ್ಟರ್ನೇಟರ್ ಹಾಕಿಸಿದ್ದರು. ಸಾಮಾನ್ಯ ಆಲ್ಟರ್ನೇಟರ್ ಒಂದು ಸುತ್ತು ತಿರುಗಿದರೆ ಅದರ ವೋಲ್ಟೇಜಿನಲ್ಲಿ 36 ಸಣ್ಣ ಅಲೆಗಳು ಏಳುತ್ತವೆ. ಅದು ಎಂಜಿನ್ನಿನ ಇಮ್ಮಡಿ ವೇಗದಲ್ಲಿ ತಿರುಗುತ್ತದೆ ಎನ್ನಿ. ಎಂಜಿನ್ ನಿಮಿಷಕ್ಕೆ 3000 ಸುತ್ತು ಓಡುವಾಗ ಆಲ್ಟರ್ನೇಟರ್ ಸೆಕೆಂಡಿಗೆ 100 ಸುತ್ತು, ಅಲೆಗಳು 3600. ಮನುಷ್ಯನ ಕಿವಿ ಅತಿ ಚುರುಕಾಗಿರುವುದು ಸರಿಯಾಗಿ ಆ ಸುತ್ತಮುತ್ತಲಿನ ಸ್ವರಗಳಿಗೇ!

ಈ ಅಲೆ ಹಾಡಿಗೆ ನುಸುಳುವುದು ಅದೇ ಓಣಿಯಿಂದ. ಮೇಲಿನ ಮನೆಯವರು ಬಚ್ಚಲಿಗೆ ಒಂದು ಹಂಡೆ ನೀರು ಸುರಿದರೆ ಕೆಳಗಿನ ಮನೆಯ ಬಚ್ಚಲಲ್ಲಿ ನೀರು ಉಕ್ಕುವುದಿಲ್ಲವೇ? ಮೋರಿ ಒಂದೇ, ಕಸ ಕಟ್ಟಿದೆ. ನಲವತ್ತು ವರ್ಷದ ಬಣ್ಣ, ತುಕ್ಕು ಈ ಮೋರಿಯ ಕಸ. ತುಕ್ಕು ಹಿಡಿದ ಬೋಲ್ಟಿನಲ್ಲಿ ಓಮಿನ ನೂರನೇ ಒಂದು ಭಾಗ ತಡೆಯಿದ್ದು, ಅದರ ಮೂಲಕ 5 ಆಂಪಿಯರ್ ಹಾದರೆ 50 ಮಿಲಿವೋಲ್ಟು ಏಳುತ್ತದೆ. ಫೋನಿನಿಂದ ತಂತಿಯಲ್ಲಿ ಬರುವ ಹಾಡೇ ಅರ್ಧ ವೋಲ್ಟಿನ ಆಸುಪಾಸು. ಹತ್ತು ಜನ ಹಾಡುವಾಗ ಒಬ್ಬ ಪಕ್ಕದಲ್ಲಿ ನಿಂತು ಸಿಳ್ಳೆ ಹಾಕಿದಂತೆ. ಎಂಜಿನ್ ಬೇರೆ ರಬ್ಬರ್ ಮೌಂಟಿನ ಮೇಲೆ ಕೂತಿರುತ್ತದೆ, ಅದನ್ನು ಮೈಗೆ ಜೋಡಿಸುವುದು ಒಂದು ಹೆಣೆದ ತಾಮ್ರದ ಪಟ್ಟಿ. ಆ ಪಟ್ಟಿ ಕೊಳೆತರೆ ಸ್ಟಾರ್ಟರಿನ ನೂರಾರು ಆಂಪಿಯರ್ ಬೇರೆ ದಾರಿ ಹುಡುಕಿಕೊಂಡು ಚೋಕ್ ಕೇಬಲ್ಲಿನ ಮೂಲಕ ಬಂದು ಅದನ್ನು ಬಿಸಿ ಮಾಡುವುದೂ ಉಂಟು. ಆಗ ಜನ ಚೋಕನ್ನು ಬೈಯುತ್ತಾರೆ.

ರೇಡಿಯೊ ಹಚ್ಚಿದರೆ ಇನ್ನೊಬ್ಬ ಅತಿಥಿ: ಚಟಪಟ. 1887ರಲ್ಲಿ ಹೈನ್ರಿಚ್ ಹರ್ಟ್ಸ್ ರೇಡಿಯೊ ಅಲೆ ಹುಟ್ಟಿಸಿದ್ದು ಇಂಡಕ್ಷನ್ ಕಾಯಿಲಿನಿಂದ ಕಿಡಿ ಹಾರಿಸಿ. ಪೆಟ್ರೋಲ್ ಎಂಜಿನ್ನಿನ ಕಾಯಿಲು ಮತ್ತು ಪ್ಲಗ್ಗು ಅದರದೇ ಮರಿ. ನಾಲ್ಕು ಸಿಲಿಂಡರಿನ ಪದ್ಮಿನಿ 3000 ಸುತ್ತಿಗೆ ಸೆಕೆಂಡಿಗೆ ನೂರು ಕಿಡಿ ಹಾರಿಸುತ್ತ, ತಾನೇ ಒಂದು ಪುಟ್ಟ ಬಾನುಲಿ ಕೇಂದ್ರವಾಗಿ ಓಡುತ್ತದೆ. ಶಿಕಾಗೋದ ಪಾಲ್ ಗಾಲ್ವಿನ್ 1930ರಲ್ಲಿ ಮೊಟೊರೋಲ ಎಂಬ ಹೆಸರಿನಲ್ಲಿ ಕಾರ್ ರೇಡಿಯೊ ಮಾರಲು ಹೊರಟಾಗ ಹೆಣಗಿದ್ದು ಈ ಚಟಪಟದ ಜೊತೆಗೇ. ಐದು ವರ್ಷದ ಬಳಿಕ, 1935ರಲ್ಲಿ, ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಶುರುಮಾಡಿದರು. ಇವತ್ತು ಇಡೀ ದೇಶ ಬಳಸುವ ‘ಆಕಾಶವಾಣಿ’ ಆ ಕೇಂದ್ರದ ಹೆಸರು.

ಕಿಡಿಗೆ ಮದ್ದು ಸುಲಭ. ಕಾರ್ಬನ್ ತಿರುಳಿನ ತಂತಿ, ಒಳಗೆ ಸುಮಾರು 5000 ಓಮಿನ ತಡೆಯಿರುವ ಪ್ಲಗ್ಗು. ಇದರಿಂದ ಕಿಡಿ ಸಾಯುತ್ತದೆ ಎಂಬ ಮಾತು ಗ್ಯಾರೇಜುಗಳಲ್ಲಿ ಇನ್ನೂ ಓಡಾಡುತ್ತಿದೆ. ಕಿಡಿ ಹಾರಲು ಬೇಕಾದದ್ದು ಸಾವಿರಾರು ವೋಲ್ಟು, ಹರಿಯುವ ಕರೆಂಟು ಮಾತ್ರ ಆಂಪಿಯರಿನ ಸಣ್ಣ ಚೂರು. ಈ ತಡೆ ನುಂಗುವುದು ಕೆಲವು ನೂರು ವೋಲ್ಟಷ್ಟೇ.

1950ರ ದಶಕದ ಮಾರಿಸ್ ಮೈನರ್ ಇಟ್ಟುಕೊಂಡವರು ಮಾತ್ರ ಇನ್ನೊಂದು ಸಂಗತಿ ನೋಡಿಕೊಳ್ಳಬೇಕು. ಆ ಕಾಲದ ಎಷ್ಟೋ ಬ್ರಿಟಿಷ್ ಕಾರುಗಳಲ್ಲಿ ಮೈಗೆ ಜೋಡಿಸಿರುವುದು ಬ್ಯಾಟರಿಯ ಪಾಸಿಟಿವ್ ತುದಿ. ಹೊಸ ಸೆಟ್ಟಿನ ಲೋಹದ ಡಬ್ಬ ನೆಗೆಟಿವ್. ಎರಡೂ ಮುಟ್ಟಿದರೆ ಫ್ಯೂಸು ಹೋಯಿತು, ನಸೀಬು ಕೆಟ್ಟಿದ್ದರೆ ಸೆಟ್ಟೂ ಹೋಯಿತು. ಧ್ರುವ ಬದಲಿಸಬಹುದು. ಬ್ಯಾಟರಿ, ಕಾಯಿಲಿನ ತಂತಿ ತಿರುಗಿಸಿ, ಡೈನಮೊದ ಫೀಲ್ಡ್ ತುದಿಗೆ ಒಂದು ಕ್ಷಣ ಬ್ಯಾಟರಿಯ ಸೋಂಕು ಕೊಟ್ಟರೆ, ಒಳಗಿನ ಕಬ್ಬಿಣ ಹಳೆಯ ಕಾಂತತೆ ಮರೆತು ಹೊಸದನ್ನು ಕಲಿಯುತ್ತದೆ. ಎಷ್ಟು ಸಲ ಯೋಚಿಸಿದರೂ ನನಗೆ ಇದು ಸೋಜಿಗವೇ.

ನಮ್ಮ ಸೊಳ್ಳೆಗೆ ಬರೋಣ. ಎಂಜಿನ್ ಓಡಿಸಿ, ಹೆಡ್‌ಲೈಟ್ ಹಾಕಿ, ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಸ್ಟೀರಿಯೊದ ಅರ್ಥ್ ಬೋಲ್ಟಿಗೆ ಇಟ್ಟೆ: 0.31 ವೋಲ್ಟು. ಸೊನ್ನೆ ಇರಬೇಕಾದ ಜಾಗ. ಬೋಲ್ಟು ಬಿಚ್ಚಿ ಉಪ್ಪುಕಾಗದದಿಂದ ತಿಕ್ಕಿದಾಗ ಹಾಲುಬಿಳಿಯ ಕೆಳಗೆ ಹಸಿರು, ಹಸಿರಿನ ಕೆಳಗೆ ಕೆಂಪು ಪ್ರೈಮರ್, ಅದರ ಕೆಳಗೆ ತಗಡು ಹೊಳೆಯಿತು. ಗಾಡಿ ಒಮ್ಮೆ ಹಸಿರಾಗಿತ್ತು ಎಂದು ಅಪ್ಪನಿಗೂ ಗೊತ್ತಿರಲಿಲ್ಲ. ಎಂಜಿನ್ನಿನ ಪಟ್ಟಿ ಹೊಸದು ಹಾಕಿ, ಸ್ಟೀರಿಯೊದ ಅರ್ಥ್ ತಂತಿಯನ್ನು ಓಣಿಗೆ ಬಿಡದೆ ನೇರ ಬ್ಯಾಟರಿಗೆ ಎಳೆದೆ. ಮೀಟರು 0.01 ತೋರಿಸಿತು, ಸೊಳ್ಳೆ ಹೋಯಿತು.

ಇಂಡಿಕೇಟರ್ ಹಾಕಿದಾಗ ಮಾತ್ರ ಎಡ ಸ್ಪೀಕರಿನಲ್ಲಿ ಈಗಲೂ ಟಿಕ್ ಟಿಕ್ ಬರುತ್ತದೆ. ಫ್ಲ್ಯಾಶರಿಗೆ ಒಂದು ಕೆಪಾಸಿಟರ್ ಕೊಟ್ಟರೆ ಹೋಗಬಹುದು. ತಂದೂ ಇಟ್ಟಿದ್ದೆ. “ಅದೊಂದು ಇರಲಿ ಬಿಡು, ತಿರುಗಿಸಿದ ಮೇಲೆ ಆಫ್ ಮಾಡೋದು ನೆನಪಾಗುತ್ತೆ” ಎಂದರು ಅಪ್ಪ.