ಐಡಿ ಕಾರ್ಡಿನ ಒಂದು ಸಾಲು: ಇಥಿಯೋಪಿಯಾದ ಜನಾಂಗ ರಾಜಕೀಯ ಬೆಳೆದು ಬಂದ ದಾರಿ

2020ರ ನವೆಂಬರ್‌ನಲ್ಲಿ ಇಥಿಯೋಪಿಯಾದ ಉತ್ತರದ ಟಿಗ್ರೇ ಪ್ರಾಂತ್ಯದಲ್ಲಿ ಯುದ್ಧ ಶುರುವಾಯಿತು. ಆಗ ಪಕ್ಕದ ಅಮ್ಹಾರಾ ಪ್ರಾಂತ್ಯದ ಪಡೆಗಳು ಕೇಂದ್ರ ಸರ್ಕಾರದ ಸೇನೆಗೆ ಹೆಗಲು ಕೊಟ್ಟವು. ಮೂರು ವರ್ಷ ತುಂಬುವ ಮೊದಲೇ ಅದೇ ಸೇನೆ ಅಮ್ಹಾರಾದಲ್ಲಿ ಫಾನೋ ಎಂಬ ಅಮ್ಹಾರಾ ಸಶಸ್ತ್ರ ಗುಂಪುಗಳ ಜೊತೆ ಹೊಡೆದಾಡುತ್ತಿತ್ತು. ಪ್ರಧಾನಿ ಅಬಿಯ್ ಅಹ್ಮದ್ ಒರೋಮೋ ಜನಾಂಗದವರು. ಆದರೂ ಒರೋಮಿಯಾದಲ್ಲಿ ಅವರ ವಿರುದ್ಧವೇ ಬಂಡಾಯ. ದೂರದಿಂದ ಸುದ್ದಿ ನೋಡುವವರಿಗೆ ಯಾರು ಯಾರ ಕಡೆ ಅನ್ನೋದೇ ತಿಳಿಯುವುದಿಲ್ಲ.

ಇದನ್ನು ಬಿಡಿಸಲು ಒಂದು ಸಣ್ಣ ವಸ್ತುವಿನಿಂದ ಶುರು ಮಾಡೋಣ. ಅಲ್ಲಿ ಊರು, ಬಡಾವಣೆಗಳ ಮಟ್ಟದ ಆಡಳಿತ ಕಚೇರಿಗೆ ಕೆಬೆಲೆ ಅನ್ನುತ್ತಾರೆ. ಕೆಬೆಲೆ ಕೊಡುವ ಗುರುತಿನ ಚೀಟಿಯಲ್ಲಿ ಹೆಸರು, ವಯಸ್ಸಿನ ಜೊತೆ ಬಹಳ ವರ್ಷ ಇನ್ನೊಂದು ಸಾಲೂ ಇತ್ತು. ಬಿಹೇರ್, ಅಂದರೆ ನೀವು ಯಾವ ಜನಾಂಗ. ಅಪ್ಪ ಒರೋಮೋ, ಅಮ್ಮ ಅಮ್ಹಾರಾ ಆಗಿದ್ದರೂ ಒಂದನ್ನೇ ಬರೆಸಬೇಕು. ಸಾಮಾನ್ಯವಾಗಿ ಅಪ್ಪನದನ್ನೇ ಬರೆಸುತ್ತಿದ್ದರು. ಅಡಿಸ್ ಅಬಾಬಾದಂಥ ಊರಿನಲ್ಲಿ ಇಂಥ ಮನೆಗಳು ಲೆಕ್ಕವಿಲ್ಲದಷ್ಟಿವೆ. ಈ ಸಾಲು ಎಲ್ಲಿಂದ ಬಂತು, ಯಾಕೆ ಬಂತು ಅನ್ನೋದೇ ಇಲ್ಲಿನ ಕಥೆ.

ಈಗಿನ ಇಥಿಯೋಪಿಯಾದ ನಕ್ಷೆ ಮುಖ್ಯವಾಗಿ 19ನೇ ಶತಮಾನದ ಕೊನೆಯಲ್ಲಿ ಮೂಡಿದ್ದು. ಚಕ್ರವರ್ತಿ ಎರಡನೇ ಮೆನೆಲಿಕ್ ಉತ್ತರದ ಎತ್ತರದ ಸೀಮೆಯಿಂದ ದಕ್ಷಿಣಕ್ಕೆ ಸೈನ್ಯ ಕಳಿಸಿದರು. ಒರೋಮೋ, ಸಿದಾಮಾ, ವೊಲೈತಾ, ಕಾಫಾ ಹೀಗೆ ಒಂದೊಂದೇ ನಾಡು ಸಾಮ್ರಾಜ್ಯಕ್ಕೆ ಸೇರಿತು. 1896ರಲ್ಲಿ ಅಡ್ವಾದಲ್ಲಿ ಇಟಲಿಯ ಸೇನೆಯನ್ನು ಸೋಲಿಸಿದ ಅದೇ ದೊರೆ ಇಡೀ ಆಫ್ರಿಕಾಕ್ಕೆ ಹೆಮ್ಮೆ ತಂದರು. ಇಥಿಯೋಪಿಯಾದ ಜಗಳ ಅರ್ಥವಾಗಬೇಕಾದರೆ ಈ ಎರಡೂ ಮಾತನ್ನು ಒಟ್ಟಿಗೆ ನೆನಪಿಡಬೇಕು. ಒಬ್ಬರ ಮನೆಯಲ್ಲಿ ಮೆನೆಲಿಕ್ ದೇಶ ಕಟ್ಟಿದ ಪುಣ್ಯಾತ್ಮ. ಇನ್ನೊಬ್ಬರ ಮನೆಯಲ್ಲಿ ಅಜ್ಜನ ಹೊಲ ಕಿತ್ತುಕೊಂಡವನು. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ದಕ್ಷಿಣಕ್ಕೆ ಹೋದ ಸೈನಿಕರಿಗೂ ಅಧಿಕಾರಿಗಳಿಗೂ ಸಂಬಳದ ಬದಲು ಭೂಮಿ ಮತ್ತು ಅದರ ಮೇಲಿನ ರೈತರ ದುಡಿಮೆ ಸಿಗುತ್ತಿತ್ತು. ಬಂದೂಕು ಹಿಡಿದ, ಹೆಚ್ಚಾಗಿ ಅಮ್ಹಾರಾ ಆದ ಇವರಿಗೆ ನೆಫ್ತೆನ್ಯಾ ಎಂದು ಹೆಸರು. ಅವರಿಗೆ ದವಸ, ಜೇನು, ಬಿಟ್ಟಿ ಚಾಕರಿ ಕೊಡಬೇಕಾದ ರೈತ ಗಬ್ಬಾರ್. ನೆಫ್ತೆನ್ಯಾ ಅನ್ನುವ ಮಾತು ಇವತ್ತಿಗೂ ಬೈಗುಳವಾಗಿ ಓಡಾಡುತ್ತಿದೆ. ಆ ಪದ್ಧತಿ ಹೋಗಿ ಎಷ್ಟೋ ವರ್ಷವಾಯಿತು. ಬೈಗುಳ ಮಾತ್ರ ಈಗ ಯಾವ ಭೂಮಿಯೂ ಇಲ್ಲದ ಬಡ ಅಮ್ಹಾರಾ ರೈತನ ಮೇಲೆ ಬೀಳುತ್ತಿದೆ.

ಗುಲಾಮರನ್ನು ಹಿಡಿದು ಸಾಗಿಸುವ ದಂಧೆಯೂ ಶತಮಾನಗಳಿಂದ ಈ ಅಂಚಿನ ಜನರನ್ನೇ ಹಿಂಡಿತ್ತು. ನಮ್ಮ ದಖ್ಖನಿಗೆ ಬಂದ ಹಬ್ಶಿಗಳ ಮೂಲವೂ ಆ ಕಡೆಯದೇ. ಹಬಶ್ ಅಂದರೆ ಅಬಿಸೀನಿಯಾ, ಇಥಿಯೋಪಿಯಾದ ಹಳೆಯ ಹೆಸರು. ಅಹಮದ್‌ನಗರವನ್ನು ನಡೆಸಿದ ಮಲಿಕ್ ಅಂಬರ್, ಬಿಜಾಪುರದ ಆದಿಲ್‌ಶಾಹಿ ದರ್ಬಾರಿನಲ್ಲಿ ದೊಡ್ಡ ಹುದ್ದೆಗೇರಿದ ಇಖ್ಲಾಸ್ ಖಾನ್ ಇಬ್ಬರೂ ಹಬ್ಶಿಗಳು.

ಮೆನೆಲಿಕ್ ಆದ ಮೇಲೆ ಒಂದಿಷ್ಟು ಅರಮನೆ ಜಗಳ, 1930ರಲ್ಲಿ ಹೈಲೆ ಸೆಲಾಸಿ ಪಟ್ಟ, 1936ರಿಂದ 1941ರವರೆಗೆ ಇಟಲಿಯ ಹಿಡಿತ. ಮರಳಿ ಬಂದ ಚಕ್ರವರ್ತಿಯ ಕಾಲದಲ್ಲಿ ಶಾಲೆ, ಕೋರ್ಟು, ಕಚೇರಿ ಎಲ್ಲವೂ ಅಮ್ಹಾರಾ ಜನರ ಭಾಷೆಯಾದ ಅಮ್ಹಾರಿಕ್‌ನಲ್ಲಿ. ಒರೋಮೋ ದೇಶದ ಅತಿ ದೊಡ್ಡ ಜನಾಂಗ. ಆದರೆ ಅವರ ಭಾಷೆಯಲ್ಲಿ ಮಕ್ಕಳಿಗೆ ಪಾಠವಿಲ್ಲ. ಕೋರ್ಟಿನಲ್ಲಿ ತನ್ನದೇ ಹೊಲದ ಕೇಸು ನಡೆದರೂ ರೈತನಿಗೆ ದುಭಾಷಿ ಬೇಕು. ಮೇಲಕ್ಕೆ ಹೋಗಬೇಕಾದರೆ ಅಮ್ಹಾರಿಕ್ ಕಲಿಯಬೇಕು, ಎಷ್ಟೋ ಜನ ಹೆಸರನ್ನೂ ಬದಲಿಸಿಕೊಂಡರು. 1943ರಲ್ಲಿ ಟಿಗ್ರೇ ದಂಗೆಯೆದ್ದಿತು. 60ರ ದಶಕದಲ್ಲಿ ಬಾಲೆ ಸೀಮೆ ಎದ್ದಿತು. 1962ರಲ್ಲಿ ಎರಿಟ್ರಿಯಾದ ಸ್ವಾಯತ್ತತೆ ರದ್ದಾದ ಮೇಲೆ ಅಲ್ಲಿನ ಹೋರಾಟ ಸುಮಾರು ಮೂವತ್ತು ವರ್ಷ ನಿಲ್ಲಲಿಲ್ಲ.

ಈ ನೋವನ್ನೆಲ್ಲ ಒಂದು ವಾದವಾಗಿ ಕಟ್ಟಿದವರು ಅಡಿಸ್ ಅಬಾಬಾದ ವಿದ್ಯಾರ್ಥಿಗಳು. 1965ರಲ್ಲಿ ಅವರ ಘೋಷಣೆ ‘ಉಳುವವನಿಗೇ ಭೂಮಿ’. 1969ರ ನವೆಂಬರ್‌ನಲ್ಲಿ ವಲ್ಲೆಲಿನ್ಯೆ ಮೆಕೊನ್ನೆನ್ ಎಂಬ ವಿದ್ಯಾರ್ಥಿ ಒಂದು ಪುಟ್ಟ ಲೇಖನ ಬರೆದರು. ಇಥಿಯೋಪಿಯಾ ಒಂದು ರಾಷ್ಟ್ರವಲ್ಲ, ಹಲವು ರಾಷ್ಟ್ರಗಳ ಕೂಟ, ಇಥಿಯೋಪಿಯನ್ ಅನಿಸಿಕೊಳ್ಳಬೇಕಾದರೆ ಅಮ್ಹಾರಾ ಮುಖವಾಡ ಹಾಕಿಕೊಳ್ಳಬೇಕಾಗಿದೆ ಎಂಬುದು ಅದರ ತಿರುಳು. ಬರೆದವರು ಸ್ವತಃ ಅಮ್ಹಾರಾ. ಲೆನಿನ್, ಸ್ಟಾಲಿನ್ ಓದಿಕೊಂಡಿದ್ದ ಆ ಪೀಳಿಗೆಗೆ ‘ರಾಷ್ಟ್ರ ಮತ್ತು ರಾಷ್ಟ್ರೀಯತೆಗಳ ಪ್ರಶ್ನೆ’ ಎಂಬ ಮಾತು ಸೋವಿಯತ್ ಪುಸ್ತಕಗಳಿಂದ ಸಿಕ್ಕಿತ್ತು. ನೋವು ಮಾತ್ರ ಊರಿನದೇ.

1973ರ ವೊಲ್ಲೋ ಬರ, 1974ರ ಕ್ರಾಂತಿ. ಆ ಸೆಪ್ಟೆಂಬರ್ 12ರಂದು ಹೈಲೆ ಸೆಲಾಸಿಯನ್ನು ಫೋಕ್ಸ್‌ವ್ಯಾಗನ್ ಕಾರಿನಲ್ಲಿ ಕೂರಿಸಿ ಅರಮನೆಯಿಂದ ಕರೆದೊಯ್ದರು. ದೆರ್ಗ್ ಎಂಬ ಸೈನಿಕರ ಸಮಿತಿ ಮರುವರ್ಷವೇ ಗ್ರಾಮೀಣ ಭೂಮಿಯನ್ನೆಲ್ಲ ಸರ್ಕಾರದ್ದು ಮಾಡಿ ಜಮೀನ್ದಾರಿಕೆ ಮುಗಿಸಿತು. ದಕ್ಷಿಣದ ರೈತರಿಗೆ ಇದು ನಿಜವಾದ ಬಿಡುಗಡೆ. ಸಾಕ್ಷರತಾ ಪಾಠಗಳನ್ನು 15 ಭಾಷೆಗಳಲ್ಲಿ ನಡೆಸಿದ್ದೂ ಇದೇ ಸರ್ಕಾರ. ಕೆಂಪು ಭಯೋತ್ಪಾದನೆ ಎಂದು ಹೆಸರಾದ ದಮನದಲ್ಲಿ ತನ್ನದೇ ಯುವಕರನ್ನು ಬೀದಿಯಲ್ಲಿ ಕೊಂದದ್ದೂ ಇದೇ ಸರ್ಕಾರ. 1984ರ ಬರದ ನಂತರ ಸುಮಾರು 6 ಲಕ್ಷ ಜನರನ್ನು ಉತ್ತರದಿಂದ ಕಿತ್ತು ದಕ್ಷಿಣ, ಪಶ್ಚಿಮದ ಕಾಡಂಚಿಗೆ ಸಾಗಿಸಿತು. ಹೋಗಲು ಒಪ್ಪದವರನ್ನೂ ಎಳೆದೊಯ್ದರು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

1991ರ ಮೇ 28ರಂದು ಬಂಡುಕೋರರು ಅಡಿಸ್ ಅಬಾಬಾ ಹೊಕ್ಕರು. ದೆರ್ಗ್‌ನ ನಾಯಕ ಮೆಂಗಿಸ್ತು ಒಂದು ವಾರ ಮೊದಲೇ ಜಿಂಬಾಬ್ವೆಗೆ ಓಡಿಹೋಗಿದ್ದರು. ಗೆದ್ದ ಕೂಟದ ಹೆಸರು ಇಪಿಆರ್‌ಡಿಎಫ್. ಅದರ ಬೆನ್ನೆಲುಬು 1975ರಿಂದ ಟಿಗ್ರೇ ಗುಡ್ಡಗಳಲ್ಲಿ ಕಾದಾಡಿದ್ದ ಟಿಗ್ರೇ ಜನರ ವಿಮೋಚನಾ ರಂಗ, ಅಂದರೆ ಟಿಪಿಎಲ್‌ಎಫ್. ಟಿಗ್ರೇ ಜನ ದೇಶದಲ್ಲಿ ನೂರಕ್ಕೆ ಆರು ಮಾತ್ರ. ಅಷ್ಟು ಸಣ್ಣ ಜನಾಂಗದ ಪಕ್ಷ ಅಷ್ಟು ದೊಡ್ಡ ದೇಶ ಆಳಬೇಕು ಅಂದಾಗ ಎಲ್ಲ ಜನಾಂಗಗಳ ಕೂಟ ಅನ್ನುವ ಚೌಕಟ್ಟು ಅದಕ್ಕೆ ಅನುಕೂಲವೂ ಆಗಿತ್ತು. ಹಾಗಂತ ಅದು ಬರೀ ತಂತ್ರವಾಗಿತ್ತು ಅಂದರೆ ತಪ್ಪು. ಆ ಪೀಳಿಗೆ ಅದನ್ನು ನಂಬಿತ್ತು, ಅದಕ್ಕಾಗಿ ಸತ್ತಿತ್ತು.

1995ರಲ್ಲಿ ಜಾರಿಯಾದ ಸಂವಿಧಾನ ‘ಇಥಿಯೋಪಿಯಾದ ರಾಷ್ಟ್ರಗಳು, ರಾಷ್ಟ್ರೀಯತೆಗಳು ಮತ್ತು ಜನರಾದ ನಾವು’ ಎಂದು ಶುರುವಾಗುತ್ತದೆ. ನಮ್ಮಲ್ಲೂ 1956ರಲ್ಲಿ ಭಾಷೆ ನೋಡಿ ರಾಜ್ಯ ಮಾಡಿದೆವಲ್ಲ, ಹಾಗೇ ಇರಬೇಕು ಅನ್ನಿಸಬಹುದು. ವ್ಯತ್ಯಾಸ ದೊಡ್ಡದು. ಅಲ್ಲಿ ದೇಶದ ಪರಮಾಧಿಕಾರವೇ ಜನಾಂಗಗಳದು. 39ನೇ ವಿಧಿ ಪ್ರತಿ ಜನಾಂಗಕ್ಕೂ ದೇಶ ಬಿಟ್ಟು ಹೋಗುವ ಹಕ್ಕನ್ನೂ ಕೊಡುತ್ತದೆ. ಒಂಬತ್ತು ಪ್ರಾಂತ್ಯಗಳಾದವು. ಹೆಚ್ಚಿನವಕ್ಕೆ ಒಂದೊಂದು ಜನಾಂಗದ ಹೆಸರು.

ಇದರಿಂದ ಬಂದ ಒಳ್ಳೆಯದನ್ನು ಮೊದಲು ಹೇಳಬೇಕು. ಒರೋಮೋ ಮಕ್ಕಳು ಮೊದಲ ಬಾರಿಗೆ ತಾಯ್ನುಡಿಯಲ್ಲಿ ಓದಿದರು. ಆ ಭಾಷೆಗೆ ಲ್ಯಾಟಿನ್ ಅಕ್ಷರಗಳ ಕುಬೇ ಲಿಪಿ ಬಂತು. ಸಿದಾಮಾ, ಸೊಮಾಲಿ, ಅಫಾರ್ ಭಾಷೆಗಳು ಕಚೇರಿ ಮೆಟ್ಟಿಲು ಹತ್ತಿದವು. ತನ್ನ ನುಡಿಯಲ್ಲಿ ಅರ್ಜಿ ಕೊಡುವುದು ಎಷ್ಟು ದೊಡ್ಡ ಗೌರವ ಅನ್ನೋದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ.

ತೊಡಕು ಇರುವುದು ಗಡಿಯಲ್ಲಿ. 80ಕ್ಕೂ ಹೆಚ್ಚು ಜನಾಂಗಗಳು ಗೆರೆ ಎಳೆದಂತೆ ಬೇರೆ ಬೇರೆ ಕಡೆ ಬದುಕುತ್ತಿರಲಿಲ್ಲ. ಹರಾರಿ ಪ್ರಾಂತ್ಯವನ್ನೇ ನೋಡಿ. 2007ರ ಜನಗಣತಿಯಲ್ಲಿ ಅಲ್ಲಿ ಹರಾರಿ ಜನ ಹತ್ತರಲ್ಲಿ ಒಬ್ಬರೂ ಇಲ್ಲ. ಅರ್ಧಕ್ಕಿಂತ ಜಾಸ್ತಿ ಒರೋಮೋಗಳು. ಹೆಸರು, ಅಧಿಕಾರ ಒಬ್ಬರದು, ತಲೆಯೆಣಿಕೆ ಇನ್ನೊಬ್ಬರದು.

ದಕ್ಷಿಣದಲ್ಲಿ ಹತ್ತಾರು ಸಣ್ಣ ಜನಾಂಗಗಳನ್ನು ಒಂದೇ ಪ್ರಾಂತ್ಯಕ್ಕೆ ಕಟ್ಟಿಹಾಕಿದ್ದರು. ಅಲ್ಲಿ ನಡೆದ ಒಂದು ಪ್ರಸಂಗ ನನಗೆ ಪದೇ ಪದೇ ನೆನಪಾಗುತ್ತದೆ. ವೊಲೈತಾ, ಗಾಮೋ, ಗೋಫಾ, ದಾವ್ರೋ ಭಾಷೆಗಳು ಒಂದಕ್ಕೊಂದು ಹತ್ತಿರದವು. ನಾಲ್ಕಕ್ಕೂ ಬೇರೆ ಬೇರೆ ಪಠ್ಯಪುಸ್ತಕ ಯಾಕೆ ಎಂದು ಅಧಿಕಾರಿಗಳು ನಾಲ್ಕನ್ನೂ ಬೆರೆಸಿ ಹೊಸದೊಂದು ಭಾಷೆ ಮಾಡಿದರು. ನಾಲ್ಕರ ಮೊದಲಕ್ಷರ ಸೇರಿಸಿ ವಗಗೋದಾ ಎಂದು ಹೆಸರಿಟ್ಟರು. ಯಾರ ಮನೆಯಲ್ಲೂ ಆಡದ ಮಾತು ಮಕ್ಕಳ ಪುಸ್ತಕಕ್ಕೆ ಬಂತು. 1999ರಲ್ಲಿ ಸೋದೋ ಪಟ್ಟಣದ ಜನ ಬೀದಿಗಿಳಿದರು. ಗುಂಡು ಹಾರಿತು, ಜನ ಸತ್ತರು. ಕೊನೆಗೆ ಪುಸ್ತಕ ಹಿಂದಕ್ಕೆ ಪಡೆದರು. ಮರುವರ್ಷ ವೊಲೈತಾಕ್ಕೆ ಪ್ರತ್ಯೇಕ ಆಡಳಿತ ವಲಯವೇ ಸಿಕ್ಕಿತು.

ಇದರಿಂದ ಸುತ್ತಲಿನವರು ಒಂದು ಪಾಠ ಕಲಿತರು. ನಾವು ಬೇರೆ ಎಂದು ಗಟ್ಟಿಯಾಗಿ ಹೇಳಿದರೆ ಕಚೇರಿ ಬರುತ್ತದೆ, ಬಜೆಟ್ ಬರುತ್ತದೆ, ಕೆಲಸ ಬರುತ್ತದೆ. 2001ರಲ್ಲಿ ಸಿಲ್ತೆ ಜನ ತಾವು ಗುರಾಗೆ ಅಲ್ಲ ಎಂದು ಮತ ಹಾಕಿ ಬೇರೆಯಾದರು. 2019ರ ನವೆಂಬರ್‌ನಲ್ಲಿ ಸಿದಾಮಾ ಜನಮತ ಗಣನೆ ನಡೆದು ನೂರಕ್ಕೆ 98ಕ್ಕೂ ಹೆಚ್ಚು ಮತ ಪ್ರತ್ಯೇಕ ಪ್ರಾಂತ್ಯದ ಕಡೆ ಬಿದ್ದವು. ಆಮೇಲೆ ಆ ದಕ್ಷಿಣ ಪ್ರಾಂತ್ಯ ಪೂರ್ತಿ ಒಡೆದುಹೋಯಿತು. ಈಗ ಒಟ್ಟು 12 ಪ್ರಾಂತ್ಯಗಳಿವೆ.

ಸಂವಿಧಾನದ ಪ್ರಕಾರ ಭೂಮಿ ಮಾರುವಂತಿಲ್ಲ. ಅದು ಸರ್ಕಾರದ್ದು ಮತ್ತು ಜನಾಂಗಗಳದ್ದು. ಹಾಗಾಗಿ ಈ ಪ್ರಾಂತ್ಯ ಯಾರದು ಅನ್ನುವ ಪ್ರಶ್ನೆ ಈ ಹೊಲ ಯಾರದು ಅನ್ನುವ ಪ್ರಶ್ನೆಯೂ ಆಯಿತು. ದೆರ್ಗ್ ಸಾಗಿಸಿದ್ದ ಆ ಲಕ್ಷಾಂತರ ಜನರನ್ನು ನೆನಪಿಸಿಕೊಳ್ಳಿ. ಅವರ ಮಕ್ಕಳು ಹುಟ್ಟಿದ್ದೇ ಪಶ್ಚಿಮದಲ್ಲಿ. ಬೇರೆ ಊರು ಕಂಡವರಲ್ಲ. ಆದರೂ ಐಡಿ ಕಾರ್ಡಿನ ಆ ಸಾಲು ಅವರನ್ನು ಹೊರಗಿನವರು ಅನ್ನುತ್ತಿತ್ತು. ಪಶ್ಚಿಮ ಒರೋಮಿಯಾ ಮತ್ತು ಬೆನಿಶಂಗುಲ್-ಗುಮುಜ್‌ನಲ್ಲಿ ಈಚಿನ ವರ್ಷಗಳಲ್ಲಿ ನಡೆದ ಹತ್ಯಾಕಾಂಡಗಳಲ್ಲಿ ಹೀಗೆ ನೆಲೆಸಿದ ಅಮ್ಹಾರಾ ಕುಟುಂಬಗಳು ಜಾಸ್ತಿ ಸತ್ತವು.

ಕಾಗದದ ಮೇಲೆ ಪ್ರಾಂತ್ಯಗಳಿಗೆ ಇಷ್ಟೆಲ್ಲ ಹಕ್ಕು. ನಿಜದಲ್ಲಿ ನಿರ್ಧಾರ ಆಗುತ್ತಿದ್ದದ್ದು ಪಕ್ಷದೊಳಗೆ, ಅಡಿಸ್ ಅಬಾಬಾದಲ್ಲಿ. ಅನುವಾಕ್, ನುವೇರ್ ಜನರ ಗಾಂಬೆಲಾ ಪ್ರಾಂತ್ಯದಲ್ಲಿ 2010ರಲ್ಲಿ ಒಂದು ಲಕ್ಷ ಹೆಕ್ಟೇರ್ ಭೂಮಿ ನಮ್ಮ ಬೆಂಗಳೂರಿನ ಹೂವಿನ ಕಂಪನಿಯೊಂದಕ್ಕೆ ಗುತ್ತಿಗೆಗೆ ಹೋಯಿತು. ಸಹಿ ಹಾಕಿದ್ದು ಕೇಂದ್ರದ ಕೃಷಿ ಸಚಿವಾಲಯ. ಅದರಲ್ಲಿ ಸಾಗುವಳಿಯಾದದ್ದು ತೀರಾ ಸ್ವಲ್ಪ. ಆಮೇಲೆ ಸರ್ಕಾರವೇ ಒಪ್ಪಂದ ರದ್ದು ಮಾಡಿತು. ಹುಲ್ಲುಗಾವಲನ್ನೂ ಕಾಡನ್ನೂ ನಂಬಿದ್ದ ಜನರನ್ನು ಕೇಳಿದವರು ಯಾರು?

ಚುನಾವಣೆಯಲ್ಲೂ ಇದೇ ಕಥೆ. 2005ರಲ್ಲಿ ವಿರೋಧ ಪಕ್ಷಗಳು ಅಡಿಸ್ ಅಬಾಬಾ ಗೆದ್ದವು. ಫಲಿತಾಂಶದ ಜಗಳದಲ್ಲಿ 190ಕ್ಕೂ ಹೆಚ್ಚು ಪ್ರತಿಭಟನಕಾರರು ಸತ್ತರು. 2015ರಲ್ಲಿ ಸಂಸತ್ತಿನ 547 ಸ್ಥಾನಗಳಲ್ಲಿ ಅಷ್ಟೂ ಆಳುವ ಕೂಟ ಮತ್ತು ಅದರ ಜೊತೆಗಾರರ ಪಾಲಾದವು. ರಸ್ತೆ, ಅಣೆಕಟ್ಟು, ಕಾರ್ಖಾನೆ ಎದ್ದವು ನಿಜ. ಬೇಡ ಅನ್ನುವ ಮಾತಿಗೆ ಜಾಗ ಉಳಿಯಲಿಲ್ಲ. ಪಕ್ಷ, ಪತ್ರಿಕೆ, ಸಂಘ ಎಲ್ಲ ಮುಚ್ಚಿದಾಗ ಜನರಿಗೆ ಒಟ್ಟಾಗಲು ಉಳಿದ ಬಾಗಿಲು ಜನಾಂಗ ಒಂದೇ ಅಂತ ನನಗನ್ನಿಸುತ್ತದೆ.

ಆ ಬಾಗಿಲು ತೆರೆದದ್ದು ರಾಜಧಾನಿಯ ಅಂಚಿನಲ್ಲಿ. ಒರೋಮೋಗಳು ಫಿನ್‌ಫಿನ್ನೆ ಎಂದು ಕರೆಯುವ ಅಡಿಸ್ ಅಬಾಬಾ ನಾಲ್ಕೂ ಕಡೆ ಒರೋಮಿಯಾದಿಂದ ಸುತ್ತುವರಿದಿದೆ. ನಗರ ಬೆಳೆದಂತೆ ಸುತ್ತಲಿನ ರೈತರು ಕಡಿಮೆ ಪರಿಹಾರಕ್ಕೆ ಹೊಲ ಕಳೆದುಕೊಂಡರು. 2014ರಲ್ಲಿ ಹೊಸ ಮಾಸ್ಟರ್ ಪ್ಲಾನ್ ಬಂದಾಗ ವಿದ್ಯಾರ್ಥಿಗಳು ಎದ್ದರು. 2015ರ ನವೆಂಬರ್‌ನಲ್ಲಿ ಗಿಂಚಿ ಎಂಬ ಸಣ್ಣ ಪಟ್ಟಣದಿಂದ ಮತ್ತೆ ಹೊತ್ತಿಕೊಂಡ ಕಿಡಿ ಇಡೀ ಒರೋಮಿಯಾಕ್ಕೆ ಹಬ್ಬಿತು. ಪ್ಲಾನ್ ಕೈಬಿಟ್ಟರೂ ಜನ ಸುಮ್ಮನಾಗಲಿಲ್ಲ. ರಿಯೋ ಒಲಿಂಪಿಕ್ಸ್‌ನ ಮ್ಯಾರಥಾನ್‌ನಲ್ಲಿ ಎರಡನೆಯವರಾಗಿ ಬಂದ ಫೆಯಿಸಾ ಲಿಲೆಸಾ ತಲೆಯ ಮೇಲೆ ಮುಂಗೈಗಳನ್ನು ಅಡ್ಡ ಹಿಡಿದರು. ಅದು ಒರೋಮೋ ಪ್ರತಿಭಟನೆಯ ಗುರುತು. 2016ರ ಅಕ್ಟೋಬರ್ 2ರಂದು ಬಿಶೋಫ್ತುವಿನ ಇರೇಚಾ ಹಬ್ಬದಲ್ಲಿ ಪೊಲೀಸರು ಅಶ್ರುವಾಯು ಸಿಡಿಸಿದರು. ಕಾಲ್ತುಳಿತದಲ್ಲಿ ಸರ್ಕಾರದ ಲೆಕ್ಕದಲ್ಲೇ 50ಕ್ಕೂ ಹೆಚ್ಚು ಜನ ಸತ್ತರು. ಅಮ್ಹಾರಾದಲ್ಲೂ ಪ್ರತಿಭಟನೆ ಎದ್ದಿತ್ತು. 2018ರ ಫೆಬ್ರವರಿಯಲ್ಲಿ ಪ್ರಧಾನಿ ಹೈಲೆಮರಿಯಂ ರಾಜೀನಾಮೆ ಕೊಟ್ಟರು. ಏಪ್ರಿಲ್‌ನಲ್ಲಿ ಅಬಿಯ್ ಅಹ್ಮದ್ ಬಂದರು.

ಮುಂದಿನದು ಬಹುತೇಕರಿಗೆ ಗೊತ್ತು. ಕೈದಿಗಳ ಬಿಡುಗಡೆ, ಎರಿಟ್ರಿಯಾ ಜೊತೆ ಶಾಂತಿ, 2019ರ ನೊಬೆಲ್. ಅದೇ ಹೊತ್ತಿನಲ್ಲಿ, 2018ರಲ್ಲೇ, ಗೆದಿಯೋ, ಗುಜಿ ಜನರ ನಡುವಿನ ಗಲಭೆಯಿಂದ ಸುಮಾರು 10 ಲಕ್ಷ ಜನ ಮನೆ ಬಿಟ್ಟಿದ್ದರು. ಅದನ್ನು ಜಗತ್ತು ಗಮನಿಸಲಿಲ್ಲ. ಹಳೆಯ ಕೂಟವನ್ನು ಕರಗಿಸಿ ಒಂದೇ ಪಕ್ಷ ಮಾಡಿದಾಗ ಟಿಪಿಎಲ್‌ಎಫ್ ಹೊರಗುಳಿಯಿತು. ಚುನಾವಣೆ ಮುಂದೂಡಿದ ಕೇಂದ್ರವನ್ನು ಟಿಗ್ರೇ ಒಪ್ಪಲಿಲ್ಲ, ಟಿಗ್ರೇ ತಾನೇ ನಡೆಸಿದ ಚುನಾವಣೆಯನ್ನು ಕೇಂದ್ರ ಒಪ್ಪಲಿಲ್ಲ. ಎರಡು ವರ್ಷದ ಯುದ್ಧದಲ್ಲಿ ಸತ್ತವರ ಅಂದಾಜು ಲಕ್ಷಗಳಲ್ಲಿದೆ. 2022ರ ನವೆಂಬರ್ 2ರಂದು ಪ್ರಿಟೋರಿಯಾದಲ್ಲಿ ಒಪ್ಪಂದವಾಯಿತು. ತಮ್ಮನ್ನು ಬಿಟ್ಟು ಮಾತುಕತೆ ನಡೆಯಿತು ಎಂಬ ಸಿಟ್ಟು ಅಮ್ಹಾರಾದಲ್ಲಿ ಬೆಳೆಯಿತು. 2023ರಲ್ಲಿ ಪ್ರಾಂತ್ಯಗಳ ವಿಶೇಷ ಪಡೆಗಳನ್ನು ಕೇಂದ್ರ ವಿಸರ್ಜಿಸಿದಾಗ ಆ ಸಿಟ್ಟು ಬಂದೂಕು ಹಿಡಿಯಿತು.

ಎಲ್ಲ ಎಳೆಗಳೂ ಈಗ ಗಂಟು ಬಿದ್ದಿರುವುದು ವೊಲ್ಕಾಯಿತ್‌ನಲ್ಲಿ. ಎಳ್ಳು ಬೆಳೆಯುವ ಫಲವತ್ತಾದ ಈ ಸೀಮೆ ಸುಡಾನ್ ಗಡಿಯಲ್ಲಿದೆ. ಚಕ್ರವರ್ತಿ ಕಾಲದಲ್ಲಿ ಈಗ ಅಮ್ಹಾರಾದಲ್ಲಿರುವ ಗೊಂಡರ್‌ನ ಆಡಳಿತದಲ್ಲಿತ್ತು, 90ರ ದಶಕದಲ್ಲಿ ಟಿಗ್ರೇಗೆ ಸೇರಿತು, ಯುದ್ಧದಲ್ಲಿ ಅಮ್ಹಾರಾ ಪಡೆಗಳು ಹಿಡಿದುಕೊಂಡವು. ಲಕ್ಷಾಂತರ ಟಿಗ್ರೇ ಜನ ಅಲ್ಲಿಂದ ಹೊರಬಿದ್ದರು. ಎಷ್ಟೋ ಕುಟುಂಬಗಳು ಶಾಲೆಗಳಲ್ಲಿ, ಟೆಂಟುಗಳಲ್ಲಿ, ಸುಡಾನಿನ ನಿರಾಶ್ರಿತ ಶಿಬಿರಗಳಲ್ಲಿ ವರ್ಷಗಟ್ಟಲೆ ಕಳೆದವು. ಜನಮತ ಗಣನೆ ಮಾಡಿ ತೀರ್ಮಾನಿಸೋಣ ಎಂಬ ಮಾತು ಬಂದಿದೆ. ಮತ ಹಾಕಬೇಕಾದವರು ಯಾರು? ಈಗ ಅಲ್ಲಿರುವವರೋ, ಓಡಿಹೋದವರೋ, 90ರ ದಶಕಕ್ಕೆ ಮೊದಲು ಇದ್ದವರೋ? ಎಣಿಸಿ ನೋಡೋಣ ಅಂದರೆ 2007ರಿಂದ ಈಚೆಗೆ ಆ ದೇಶದಲ್ಲಿ ಜನಗಣತಿಯೇ ಆಗಿಲ್ಲ. ಮತ್ತೆ ಮತ್ತೆ ಮುಂದೂಡಿದ್ದಾರೆ.