ಕ್ವಾರ್ಟರ್‌ಬ್ಯಾಕ್ ಕೆಟ್ಟವನಲ್ಲ, ಕೊಟ್ಟ ಆಟ ಅವನದಲ್ಲ

ಅಮೆರಿಕನ್ ಫುಟ್‌ಬಾಲ್ ಆಡುವ ಕಾಲೇಜು ತಂಡವೊಂದಕ್ಕೆ ವಿಡಿಯೊ ನೋಡಿ ಟಿಪ್ಪಣಿ ಬರೆದುಕೊಡುವುದು ನನ್ನ ಕೆಲಸ. ಏಪ್ರಿಲ್‌ನಲ್ಲಿ ಎನ್‌ಎಫ್‌ಎಲ್ ಡ್ರಾಫ್ಟ್ (ವೃತ್ತಿಪರ ಲೀಗ್‌ನ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವುದು) ಬಂದಾಗಲೆಲ್ಲ ಗೆಳೆಯರು ಕೇಳುವುದು ಒಂದೇ ಪ್ರಶ್ನೆ: ಕಾಲೇಜಿನಲ್ಲಿ ಅಷ್ಟು ಚೆನ್ನಾಗಿ ಆಡಿದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ತಂಡದ ದಾಳಿ ನಡೆಸುವ ಹುಡುಗ, ಅಲ್ಲಿಗೆ ಹೋಗಿ ಯಾಕೆ ಮುಗ್ಗರಿಸುತ್ತಾನೆ?

ನನಗೆ ಕೂಡಲೇ ನೆನಪಾಗುವುದು ಜ್ಯಾರೆಡ್ ಗಾಫ್. 2016ರ ಡ್ರಾಫ್ಟ್‌ನಲ್ಲಿ ಎಲ್ಲರಿಗಿಂತ ಮೊದಲು ರಾಮ್ಸ್ ತಂಡ ಆರಿಸಿಕೊಂಡದ್ದು ಅವರನ್ನೇ. ಆ ವರ್ಷ ಅವರು ಮೊದಲಿನಿಂದ ಕಣಕ್ಕಿಳಿದ 7 ಪಂದ್ಯಗಳನ್ನೂ ತಂಡ ಸೋತಿತು. 5 ಟಚ್‌ಡೌನ್ ಪಾಸ್ (ಪಾಯಿಂಟ್ ತಂದ ಎಸೆತ), 7 ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದ ಎಸೆತ). ಮರುವರ್ಷ ಅದೇ ಗಾಫ್ 28 ಟಚ್‌ಡೌನ್ ಪಾಸ್ ಎಸೆದರು. ಪಾಯಿಂಟ್ ಗಳಿಸುವುದರಲ್ಲಿ ಲೀಗ್‌ನಲ್ಲೇ ಕೊನೆಯಲ್ಲಿದ್ದ ತಂಡ ಮೊದಲ ಸ್ಥಾನಕ್ಕೆ ಬಂತು. ಪಾಸ್ ಹಿಡಿಯಲು ಹೊಸ ರಿಸೀವರ್‌ಗಳು ಬಂದಿದ್ದರು, ಎದುರಾಳಿಗಳನ್ನು ತಡೆಯಲು ಆಂಡ್ರ್ಯೂ ವಿಟ್‌ವರ್ತ್ ಬಂದಿದ್ದರು, ನಿಜ. ಆದರೆ ದೊಡ್ಡ ಬದಲಾವಣೆ ಹೊಸ ಕೋಚ್ ಶಾನ್ ಮೆಕ್‌ವೇ.

ಗಾಫ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕಲಿತದ್ದು ಎಸೆತವನ್ನೇ ನೆಚ್ಚಿದ ಏರ್ ರೇಡ್. ಹಾಲ್ ಮಮ್ಮಿ ಮತ್ತು ಮೈಕ್ ಲೀಚ್ ಬೆಳೆಸಿದ ಪದ್ಧತಿ ಅದು. ಪ್ಲೇಗಳು, ಅಂದರೆ ಮೊದಲೇ ಹೆಣೆದ ನಡೆಗಳು, ಕಡಿಮೆ, ಅವನ್ನೇ ಮತ್ತೆ ಮತ್ತೆ ಮಾಡುವುದು ಜಾಸ್ತಿ. ಕ್ವಾರ್ಟರ್‌ಬ್ಯಾಕ್ ಕೆಲವು ಗಜ ಹಿಂದೆ ನಿಂತು ಚೆಂಡು ಹಿಡಿಯುತ್ತಾನೆ, ಸೂಚನೆಗೆ ಮೈದಾನದ ಬದಿಗೆ ನೋಡುತ್ತಾನೆ. ಇದನ್ನು ಸುಲಭದ ಆಟ ಎಂದು ಹಗುರವಾಗಿ ಮಾತಾಡುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಕಾಲೇಜು ಆಟಗಾರರಿಗೆ ವಾರಕ್ಕೆ 20 ಗಂಟೆಗಿಂತ ಹೆಚ್ಚು ತರಬೇತಿ ಕೊಡುವಂತಿಲ್ಲ. ನಾಲ್ಕೈದು ವರ್ಷಕ್ಕೆ ಹುಡುಗರು ಹೊರಟೇ ಹೋಗುತ್ತಾರೆ. ಅಷ್ಟರಲ್ಲಿ ಕಲಿಸಲು ಆಗುವುದನ್ನೇ ಕಲಿಸಬೇಕು, ಅಲ್ವಾ?

ಮೈದಾನವೂ ಒಂದೇ ಅಲ್ಲ. ಚೆಂಡು ಇಡುವ ಜಾಗವನ್ನು ತೋರಿಸುವ ಎರಡು ಸಾಲು ಗುರುತುಗಳಿವೆ, ಹ್ಯಾಶ್ ಮಾರ್ಕ್ ಅಂತಾರೆ. ಕಾಲೇಜಿನಲ್ಲಿ ಅವುಗಳ ನಡುವೆ 40 ಅಡಿ, ಎನ್‌ಎಫ್‌ಎಲ್‌ನಲ್ಲಿ ಹದಿನೆಂಟೂವರೆ ಅಡಿ. ಮೈದಾನದ ಅಗಲ ಎರಡೂ ಕಡೆ 160 ಅಡಿ. ಕಾಲೇಜಿನಲ್ಲಿ ಚೆಂಡು ಎಡ ಗುರುತಿನ ಮೇಲಿದ್ದರೆ ಬಲಕ್ಕೆ 100 ಅಡಿ ಬಯಲು. ಅಷ್ಟನ್ನೂ ಕಾಯಲು ಡಿಫೆನ್ಸ್ (ತಡೆಯುವ ಎದುರಾಳಿ ಪಡೆ) ಚದುರಲೇಬೇಕು, ಚದುರಿದರೆ ಅದರ ಉದ್ದೇಶ ಮೊದಲೇ ಕಾಣುತ್ತದೆ. ಎನ್‌ಎಫ್‌ಎಲ್‌ನಲ್ಲಿ ಚೆಂಡು ಯಾವಾಗಲೂ ಸುಮಾರು ನಡುವಿನಲ್ಲೇ. ಅಲ್ಲಿ ಡಿಫೆನ್ಸ್ ಕೊನೆಯ ಗಳಿಗೆಯವರೆಗೂ ಗುಟ್ಟು ಬಿಡುವುದಿಲ್ಲ.

ಮೆಕ್‌ವೇ ಕಾಲೇಜಿನ ಆಟವನ್ನು ಹಾಗೇ ತಂದು ಆಡಿಸಲಿಲ್ಲ. ಗಾಫ್ ಅವರನ್ನು, ಚೆಂಡನ್ನು ಹಿಂದಕ್ಕೆ ಕೊಡುವ ಸೆಂಟರ್‌ನ ಬೆನ್ನಿಗೇ ನಿಲ್ಲಿಸಿದರು. ಓಟಗಾರನಿಗೆ ಚೆಂಡು ಕೊಟ್ಟಂತೆ ನಟಿಸಿ ಎಸೆಯುವ ಪ್ಲೇಗಳನ್ನು ಹೆಚ್ಚಿಸಿದರು. ಮೇಲುನೋಟಕ್ಕೆ ಹೊಸ ಆಟ. ಆದರೆ ಇನ್ನೊಂದು ಕೆಲಸ ಮಾಡಿದರು. ಎನ್‌ಎಫ್‌ಎಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್‌ಗೆ ರೇಡಿಯೊ ಇದೆ, ಪ್ಲೇ ಶುರು ಮಾಡಲು ಕೊಡುವ ಸಮಯ ತೋರಿಸುವ ಪ್ಲೇ ಕ್ಲಾಕ್‌ನಲ್ಲಿ 15 ಸೆಕೆಂಡು ಉಳಿದಾಗ ಅದು ಬಂದ್ ಆಗುತ್ತದೆ. ರಾಮ್ಸ್ ಬೇಗ ಬಂದು ಸಾಲು ನಿಲ್ಲುತ್ತಿತ್ತು. ಎದುರಿನ ಡಿಫೆನ್ಸ್ ನೋಡಿ ಮೆಕ್‌ವೇ ಆ ಗಡುವಿನವರೆಗೆ ಕಿವಿಯಲ್ಲಿ ಹೇಳುತ್ತಿದ್ದರು. ಕಾಲೇಜಿನಲ್ಲಿ ಗಾಫ್‌ಗೆ ಬದಿಯಿಂದ ಸಿಗುತ್ತಿದ್ದ ನೆರವು ಬೇರೆ ದಾರಿಯಲ್ಲಿ ಮರಳಿ ಬಂತು.

ಹುಡುಗನಿಗೆ ಆಟ ಹೊಂದುವುದು ಎಂದರೆ ನನ್ನ ಪ್ರಕಾರ ಇದೇ. ಯಾವ ಕೆಲಸ ಹುಡುಗ ಮಾಡುತ್ತಿದ್ದ, ಯಾವುದನ್ನು ಅವನ ಪರವಾಗಿ ಬೇರೆಯವರು ಮಾಡುತ್ತಿದ್ದರು, ಅದು ಗೊತ್ತಾಗಬೇಕು. ಈ ನೆರವಿಗೂ ಮಿತಿ ಇದೆ. ರೇಡಿಯೊ ಬಂದ್ ಆದ ಮೇಲೆ ಡಿಫೆನ್ಸ್ ಜಾಗ ಬದಲಿಸಿದರೆ ಅವನು ಒಬ್ಬನೇ.

ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಲಮಾರ್ ಜಾಕ್ಸನ್ ಕಥೆ ಬೇರೆ. 2018ರಲ್ಲಿ 32ನೆಯವರಾಗಿ ಆಯ್ಕೆಯಾದ ಅವರಿಗೆ ರಿಸೀವರ್ ಆಗು ಎಂದವರೂ ಇದ್ದರು. 2019ರಲ್ಲಿ ಅವರ ತಂಡ ರೇವನ್ಸ್ ಇಡೀ ಆಟವನ್ನೇ ಅವರ ಕಾಲಿಗೆ ತಕ್ಕಂತೆ ಕಟ್ಟಿತು. ಅವರು 1,206 ಗಜ ಓಡಿದರು, ಎಲ್ಲ ಮತಗಳನ್ನೂ ಪಡೆದು ಎಂವಿಪಿ, ಅಂದರೆ ಲೀಗ್‌ನ ಅತ್ಯಮೂಲ್ಯ ಆಟಗಾರ, ಆದರು.

ಕಾಲೇಜಿನ ಕೋಚ್ ತನಗೆ ಬೇಕಾದ ಹುಡುಗನನ್ನು ಹುಡುಕಿ ತರುತ್ತಾನೆ. ಹೊಂದದಿದ್ದರೆ ಹುಡುಗ ಬೇರೆ ಕಾಲೇಜಿಗೆ ಹೋಗುತ್ತಾನೆ. ಡ್ರಾಫ್ಟ್ ಆದವನಿಗೆ ಆ ದಾರಿ ಇಲ್ಲ. ಮೇಲಾಗಿ ಎರಡು ವರ್ಷಕ್ಕೆ ಕೋಚ್ ಬದಲಾದರೆ ಎಲ್ಲ ಮೊದಲಿನಿಂದ.

ಹಾಗಾಗಿ ವಿಡಿಯೊದಲ್ಲಿ ನಾನು ಮೊದಲು ಎಸೆತ ನೋಡುವುದಿಲ್ಲ. ಚೆಂಡು ಕೈಗೆ ಬರುವ ಮುಂಚೆ ಅವನ ತಲೆ ಯಾವ ಕಡೆ ತಿರುಗುತ್ತದೆ ಎಂದು ನೋಡುತ್ತೇನೆ. ಹೋದ ಋತುವಿನಲ್ಲಿ ಒಬ್ಬ ಹುಡುಗ ಪ್ರತಿ ಸಲ ಕೋಚ್ ಕಡೆಗೇ ತಿರುಗುತ್ತಿದ್ದ. ಕೊನೆಯ ಪಂದ್ಯದಲ್ಲಿ ಮೂರು ಸಲ ತಿರುಗಲಿಲ್ಲ. ಎದುರಿನವರನ್ನು ನೋಡಿ ತಾನೇ ಪ್ಲೇ ಬದಲಿಸಿದ. ಅದರಲ್ಲಿ ಎರಡು ಪಾಸ್ ನೆಲಕ್ಕೆ ಬಿದ್ದವು. ಟಿಪ್ಪಣಿಯ ಮೊದಲ ಸಾಲಿನಲ್ಲಿ ನಾನು ಬರೆದದ್ದು ಆ ಮೂರನ್ನೇ.