ಸಕ್ಕರೆ ಕಾಯಿಲೆ: ಯಾರಿಗೋ ಹೇಳಿದ ಮಾತು, ಯಾರದೋ ಕಿವಿಗೆ

ಜ್ವರ ಬಂದವರು ನಾಲ್ಕು ದಿನ ಮಾಹಿತಿ ಹುಡುಕಿ ಮರೆತುಬಿಡುತ್ತಾರೆ. ಸಕ್ಕರೆ ಕಾಯಿಲೆ ಇರುವವರ ಹುಡುಕಾಟ ಜೀವಮಾನವಿಡೀ ನಡೆಯುತ್ತದೆ. ಪಾದ ಜೋಮು ಹಿಡಿಯುವುದೇಕೆ, ಮಾತ್ರೆ ಎಂದಾದರೂ ನಿಲ್ಲುತ್ತದೆಯೇ, ಹಬ್ಬದ ದಿನ ಒಂದು ಒಬ್ಬಟ್ಟು ತಿಂದರೆ ಏನಾಗುತ್ತದೆ ಎಂಬ ಪ್ರಶ್ನೆಗಳು ವೈದ್ಯರ ಕೊಠಡಿಯಲ್ಲಿ ಸಿಗುವ ಕೆಲವೇ ನಿಮಿಷಗಳಲ್ಲಿ ತೀರುವುದಿಲ್ಲವಾದ್ದರಿಂದ, ಮನೆಗೆ ಬಂದ ಮೇಲೆ ಮೊಬೈಲಿನ ಪರದೆಯ ಮೇಲೆ ಮುಂದುವರಿಯುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಇಷ್ಟು ಮಂದಿ ಓದುವ, ನೋಡುವ, ಬಂಧುಬಳಗಕ್ಕೆ ಕಳಿಸುವ ಮಾಹಿತಿಯ ಗುಣಮಟ್ಟವೂ ಸಾರ್ವಜನಿಕ ಆರೋಗ್ಯದ ಒಂದು ಭಾಗವೇ.

ಹಸಿ ಸುಳ್ಳು ಒಂದಲ್ಲ ಒಂದು ದಿನ ಸಿಕ್ಕಿಬೀಳುತ್ತದೆ. ನನಗೆ ಹೆಚ್ಚಿನ ಆತಂಕವಿರುವುದು ಷರತ್ತುಗಳನ್ನು ಕಳಚಿಕೊಂಡು ಓಡಾಡುವ ನಿಜಗಳ ಬಗ್ಗೆ. ‘ಸಕ್ಕರೆ ಕಾಯಿಲೆಯನ್ನು ಹಿಮ್ಮೆಟ್ಟಿಸಬಹುದು, ಮಾತ್ರೆ ಬಿಡಬಹುದು’ ಎಂಬ ಮಾತನ್ನೇ ನೋಡೋಣ. ಇದರ ಹಿಂದೆ ಗಟ್ಟಿಯಾದ ವಿಜ್ಞಾನವಿದೆ. ಬ್ರಿಟನ್ನಿನಲ್ಲಿ 298 ಮಂದಿಯ ಮೇಲೆ ನಡೆದ ‘ಡೈರೆಕ್ಟ್’ ಎಂಬ ಪ್ರಯೋಗದಲ್ಲಿ, ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿಯ ಆಹಾರವನ್ನಷ್ಟೇ ತೆಗೆದುಕೊಂಡು ತೂಕ ಇಳಿಸಿದ ಗುಂಪಿನ ಶೇ. 46ರಷ್ಟು ಜನರಲ್ಲಿ ಒಂದು ವರ್ಷದ ಬಳಿಕ ಮಧುಮೇಹ ಶಮನಗೊಂಡಿತ್ತು, ಅಂದರೆ ಮಾತ್ರೆಯಿಲ್ಲದೆಯೂ ಸಕ್ಕರೆ ಮಧುಮೇಹದ ಮಟ್ಟಕ್ಕಿಂತ ಕೆಳಗಿತ್ತು. ಎಂದಿನ ಚಿಕಿತ್ಸೆಯ ಗುಂಪಿನಲ್ಲಿ ಅದು ಶೇ. 4 ಮಾತ್ರ. ಇಲ್ಲಿಯವರೆಗಿನದು ವಿಡಿಯೊಗಳಲ್ಲಿ ಬರುತ್ತದೆ. ಬಿಟ್ಟುಹೋಗುವುದು ಉಳಿದ ಅರ್ಧ. ಆ ಪ್ರಯೋಗಕ್ಕೆ ಸೇರಿದವರೆಲ್ಲ ಎರಡನೆಯ ಬಗೆಯ (ಟೈಪ್ 2) ಮಧುಮೇಹಿಗಳು, ಕಾಯಿಲೆ ಪತ್ತೆಯಾಗಿ ಆರು ವರ್ಷ ಮೀರದವರು. ಇನ್ಸುಲಿನ್ ತೆಗೆದುಕೊಳ್ಳುವವರನ್ನು ಸೇರಿಸಿಕೊಂಡಿರಲಿಲ್ಲ. ಮಾತ್ರೆಗಳನ್ನು ನಿಲ್ಲಿಸಿದ್ದು ವೈದ್ಯಕೀಯ ತಂಡದ ನಿಗಾದಲ್ಲಿ. ಎರಡನೆಯ ವರ್ಷದ ಹೊತ್ತಿಗೆ ಶಮನದಲ್ಲಿ ಉಳಿದವರು ಶೇ. 36ಕ್ಕೆ ಇಳಿದಿದ್ದರು, ಏಕೆಂದರೆ ಇಳಿದ ತೂಕ ಮರಳಿದಂತೆ ಸಕ್ಕರೆಯೂ ಮರಳುತ್ತದೆ. ಹದಿನೈದು ವರ್ಷಗಳಿಂದ ಕಾಯಿಲೆಯಿದ್ದು ಇನ್ಸುಲಿನ್ ಮೇಲಿರುವ ಅರವತ್ತೈದರ ಹಿರಿಯರೊಬ್ಬರು ಆ ಅರ್ಧ ಮಾತನ್ನು ಕೇಳಿಸಿಕೊಂಡರೆ, ಅವರಿಗೆ ತಲುಪಿದ್ದು ಬೇರೆ ಯಾರಿಗೋ ಸಲ್ಲಬೇಕಾದ ನಿಜ.

ದೀರ್ಘಕಾಲದ ಕಾಯಿಲೆಯಲ್ಲಿ ಇಂಥ ಮಾಹಿತಿಯ ಪೆಟ್ಟು ತಕ್ಷಣ ಕಾಣುವುದಿಲ್ಲ. ಕೆಂಪು ರಕ್ತಕಣಗಳ ಆಯಸ್ಸು ಸುಮಾರು 120 ದಿನ. ಅವುಗಳಿಗೆ ಅಂಟಿದ ಸಕ್ಕರೆಯನ್ನು ಅಳೆಯುವ ಎಚ್‌ಬಿಎ1ಸಿ ಪರೀಕ್ಷೆ ಹಿಂದಿನ ಎರಡು–ಮೂರು ತಿಂಗಳ ಸರಾಸರಿಯನ್ನು ಹೇಳುತ್ತದೆ. ಮಾತ್ರೆ ಬಿಟ್ಟ ಮೊದಲ ವಾರ ಮೈ ಹಗುರವಾಗಿದೆ ಎನಿಸಬಹುದು. ಕಣ್ಣಿನ ಹಿಂಭಾಗದ ಅಕ್ಷಿಪಟಲದ ಸೂಕ್ಷ್ಮ ರಕ್ತನಾಳಗಳಿಗೂ ಮೂತ್ರಪಿಂಡಕ್ಕೂ ಆಗುವ ಹಾನಿ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಹೀಗಾಗಿ ಸಲಹೆ ಕೆಟ್ಟದ್ದೆಂದು ಗೊತ್ತಾಗುವ ಹೊತ್ತಿಗೆ ಅದನ್ನು ಕೊಟ್ಟವರು ನೆನಪಿನಲ್ಲೂ ಇರುವುದಿಲ್ಲ. ದೇಹವೇ ಇನ್ಸುಲಿನ್ ತಯಾರಿಸದ ಮೊದಲನೆಯ ಬಗೆಯ (ಟೈಪ್ 1) ಮಧುಮೇಹದ ಮಕ್ಕಳ ಪಾಲಿಗೆ ಮಾತ್ರ ಈ ನಿಧಾನವೂ ಇಲ್ಲ: ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ರಕ್ತ ಆಮ್ಲೀಯವಾಗಿ ಪ್ರಾಣಕ್ಕೇ ಕುತ್ತು ಬರುತ್ತದೆ.

ನಮ್ಮ ಅಡುಗೆಮನೆಯ ಉದಾಹರಣೆಗಳೂ ಇದೇ ದಾರಿಯವು. ರಾಗಿಯಲ್ಲಿ ಬಿಳಿ ಅಕ್ಕಿಗಿಂತ ನಾರು, ಕ್ಯಾಲ್ಸಿಯಂ ಬಹಳ ಹೆಚ್ಚು ಎಂಬುದು ನಿಜ. ಆದರೆ ಅದರ ತೂಕದ ಸುಮಾರು ಮೂರನೇ ಎರಡು ಭಾಗ ಪಿಷ್ಟವೇ, ನುಣ್ಣಗೆ ಬೀಸಿದ ಹಿಟ್ಟಿನ ಮುದ್ದೆ ಸಕ್ಕರೆಯನ್ನು ಏರಿಸಿಯೇ ಏರಿಸುತ್ತದೆ, ಮುದ್ದೆಯ ಗಾತ್ರ ಲೆಕ್ಕಕ್ಕೆ ಬರುತ್ತದೆ. ಹಾಗಲಕಾಯಿ ರಸದ ವಿಷಯದಲ್ಲಿ, ಲಭ್ಯ ಪ್ರಯೋಗಗಳನ್ನು 2012ರಲ್ಲಿ ಒರೆಗೆ ಹಚ್ಚಿದ, ವೈದ್ಯಕೀಯ ಪುರಾವೆಗಳನ್ನು ತೂಗಿನೋಡುವ ಕಾಕ್ರೇನ್ ಸಂಸ್ಥೆಯ ವಿಮರ್ಶೆ ಪುರಾವೆ ಸಾಲದು ಎಂದಿತು. ರಸ ಕೆಲಸ ಮಾಡದಿದ್ದರೆ ಅದನ್ನು ನಂಬಿ ಮಾತ್ರೆ ಬಿಟ್ಟವರಿಗೆ ಹಾನಿ. ಕೆಲಸ ಮಾಡಿದರೆ, ಸಕ್ಕರೆ ಇಳಿಸುವ ಗ್ಲಿಮಿಪಿರೈಡ್‌ನಂಥ ಮಾತ್ರೆಯ ಜೊತೆ ಕುಡಿದವರಿಗೆ ಸಕ್ಕರೆ ತೀರಾ ಕುಸಿಯುವ ಅಪಾಯ. ಎರಡನ್ನೂ ಹೇಳುವ ಪುಟ ಸಿಗುವುದು ಅಪರೂಪ.

ಗುಣಮಟ್ಟವನ್ನು ಅಳೆಯುವ ಪ್ರಯತ್ನಗಳು ಹಳೆಯವು. ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ 1997ರಲ್ಲೇ ನಾಲ್ಕು ಅಂಶಗಳನ್ನು ಕೇಳಿತ್ತು: ಬರೆದವರಾರು, ಆಧಾರವೇನು, ಹಣ ಯಾರದು, ದಿನಾಂಕ ಯಾವುದು. ಜಿನೀವಾದ ‘ಹೆಲ್ತ್ ಆನ್ ದ ನೆಟ್’ ಪ್ರತಿಷ್ಠಾನ ಒಳ್ಳೆಯ ಜಾಲತಾಣಗಳಿಗೆ ಮುದ್ರೆ ಒತ್ತುತ್ತಿತ್ತು. 2022ರ ಕೊನೆಗೆ ಅದೇ ಮುಚ್ಚಿತು. ಇವೆಲ್ಲಕ್ಕಿಂತ ರೋಗಿಗೆ ಹತ್ತಿರವೆಂದು ನನಗನಿಸುವುದು ಆಕ್ಸ್‌ಫರ್ಡ್‌ನಲ್ಲಿ ರೂಪುಗೊಂಡು 1999ರಲ್ಲಿ ಪ್ರಕಟವಾದ, 16 ಪ್ರಶ್ನೆಗಳ ‘ಡಿಸರ್ನ್’ ಎಂಬ ಪ್ರಶ್ನಾವಳಿ. ಚಿಕಿತ್ಸೆಯ ಅಪಾಯಗಳನ್ನು ಹೇಳಿದೆಯೇ, ಚಿಕಿತ್ಸೆ ಪಡೆಯದಿದ್ದರೆ ಏನಾಗುತ್ತದೆಂದು ತಿಳಿಸಿದೆಯೇ, ಇನ್ನೂ ಖಚಿತವಾಗದ್ದನ್ನು ಒಪ್ಪಿಕೊಂಡಿದೆಯೇ ಎಂದು ಅದು ಕೇಳುತ್ತದೆ. ಕಳಚಿಹೋದ ಷರತ್ತುಗಳನ್ನು ಹುಡುಕಿ ತೆಗೆಯುವ ಪ್ರಶ್ನೆಗಳಿವು. ಮಧುಮೇಹ ಗುಣಪಡಿಸುತ್ತೇವೆಂಬ ಔಷಧಿ ಜಾಹೀರಾತನ್ನು ನಮ್ಮ ದೇಶದ 1954ರ ಕಾಯ್ದೆಯೇ ನಿಷೇಧಿಸಿದೆ, ಆದರೆ ಜಾಹೀರಾತು ‘ನನ್ನ ಅನುಭವ’ದ ವೇಷದಲ್ಲಿ ಬಂದಾಗ ಅದನ್ನು ಗುರುತಿಸುವುದು ನೋಡುವವರ ಪಾಲಿಗೇ ಉಳಿಯುತ್ತದೆ.

ಅನುಭವವೆಲ್ಲ ತಳ್ಳಿಹಾಕುವಂಥದ್ದೆಂದು ಇದರ ಅರ್ಥವಲ್ಲ. ಕರೆಂಟು ಕೈಕೊಡುವ ಊರಿನಲ್ಲಿ ಇನ್ಸುಲಿನ್ ಅನ್ನು ಮಣ್ಣಿನ ಮಡಕೆಯಲ್ಲಿ ತಂಪಾಗಿಡುವುದು, ಒಂದೇ ಜಾಗಕ್ಕೆ ಚುಚ್ಚಿ ಗಂಟುಕಟ್ಟದಂತೆ ಜಾಗ ಬದಲಿಸುವುದು ಇಂಥವನ್ನು ಜೊತೆಯ ರೋಗಿಗಳಷ್ಟು ಚೆನ್ನಾಗಿ ಹೇಳಿಕೊಡುವವರು ಕಡಿಮೆ. ಎಚ್ಚರ ಬೇಕಾಗುವುದು ಅಂಕಿಗಳು ಬಂದಾಗ. ಅಳತೆಯ ಮಾನ ಬೇರೆಯಾದ್ದರಿಂದ, ಬ್ರಿಟನ್ನಿನ ಪುಟದಲ್ಲಿ 7 ಎಂದಿರುವ ಸಕ್ಕರೆಯ ಮಟ್ಟ ನಮ್ಮ ಪ್ರಯೋಗಾಲಯದ ವರದಿಯಲ್ಲಿ 126. ಇನ್ನೂ ಗಂಭೀರವಾದದ್ದು ಸಿರಿಂಜಿನ ಸಂಗತಿ. ನಮ್ಮಲ್ಲಿ ಸಾಮಾನ್ಯವಾಗಿ ಮಾರುವ ಇನ್ಸುಲಿನ್ ಬಾಟಲಿಯಲ್ಲಿ ಮಿಲಿಲೀಟರಿಗೆ 40 ಯೂನಿಟ್, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಅಮೆರಿಕದಲ್ಲಿ 100 ಯೂನಿಟ್, ಕಿತ್ತಳೆ ಮುಚ್ಚಳ. ಅಲ್ಲಿರುವ ಮಕ್ಕಳು ಊರಿನ ತಂದೆತಾಯಿಗೆ ಕಳಿಸಿದ ವಿಡಿಯೊದಲ್ಲಿ ತಪ್ಪೇನೂ ಇಲ್ಲದಿರಬಹುದು. ಆದರೂ 40ರ ಇನ್ಸುಲಿನ್ ಅನ್ನು 100ರ ಸಿರಿಂಜಿನಲ್ಲಿ 10ರ ಗೆರೆಯವರೆಗೆ ಎಳೆದರೆ ಮೈಗೆ ಸೇರುವುದು 4 ಯೂನಿಟ್ ಮಾತ್ರ. 100ರ ಇನ್ಸುಲಿನ್ ಅನ್ನು 40ರ ಸಿರಿಂಜಿನಲ್ಲಿ ಅದೇ ಗೆರೆಯವರೆಗೆ ಎಳೆದರೆ 25. ಬಾಟಲಿಯ ಮೇಲಿನ ಅಂಕಿಯೂ ಸಿರಿಂಜಿನ ಮೇಲಿನ ಅಂಕಿಯೂ ಒಂದೇ ಆಗಿವೆಯೇ ಎಂದು ನೋಡಿಕೊಂಡು, ಅನುಮಾನವಿದ್ದರೆ ಔಷಧಿ ಅಂಗಡಿಯವರಿಗೆ ಎರಡನ್ನೂ ತೋರಿಸಿ ಕೇಳಿದ ಮೇಲೆಯೇ ಸೂಜಿ ಚುಚ್ಚಿಕೊಳ್ಳಬೇಕು.